ಪಾಠ ಗಡಗಡ ಓದುತ್ತಾರೆ, ಏನು ಓದಿದಿರಿ ಅಂದರೆ ಸುಮ್ನೆ ನಿಲ್ಲುತ್ತಾರೆ. ಸ್ವಂತ ಬರವಣಿಗೆ ಮಾಡಿಸಿದವರು ಯಾರಾದರೂ ಇದ್ದೀರಾ?

ಇಂಡಿ ಟೀಚರ್

ಎಲ್ಲರಿಗೂ ನಮಸ್ಕಾರ. ಇಂಡಿ ತಾಲೂಕಿನ ಹಳ್ಳಿಯೊಂದರಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಮಕ್ಕಳು ಪಾಠವನ್ನು ಗಡಗಡ ಓದುತ್ತಾರೆ. ಒತ್ತಕ್ಷರದಲ್ಲೂ ಅಷ್ಟಾಗಿ ಎಡವುವುದಿಲ್ಲ. ಪುಸ್ತಕ ಮುಚ್ಚಿಸಿ ‘ಈಗ ಹೇಳ್ರಿ, ಆ ಹುಡುಗ ಮನಿ ಬಿಟ್ಟು ಯಾಕ ಹೋದ?’ ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಪಾಠದ ಕೊನೆಯ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಾರೆ, ಅದೂ ಗೈಡಿನಲ್ಲಿ ಇದ್ದ ಹಾಗೇ.

ಅದೇ ಮಕ್ಕಳು ಬಿಸಿಯೂಟದ ಹೊತ್ತಿಗೆ ಯಾರ ಹೊಲದಲ್ಲಿ ಹಾವು ಬಂತು, ಯಾರ ಮನೆ ಎಮ್ಮೆ ಹಗ್ಗ ಹರಿದುಕೊಂಡು ಓಡಿತು ಅಂತ ಹೇಳೋದನ್ನು ಕೇಳಬೇಕು. ಮೊದಲು ಏನಾಯ್ತು, ಆಮೇಲೆ ಏನಾಯ್ತು, ಯಾರು ಹೆದರಿದರು, ಯಾರು ಸುಳ್ಳೇ ಧೈರ್ಯ ತೋರಿಸಿದರು, ಎಲ್ಲ ಇರುತ್ತದೆ. ಅಂದರೆ ಕಥೆ ಅವರಿಗೆ ಚೆನ್ನಾಗಿ ತಿಳಿಯುತ್ತದೆ. ಪುಸ್ತಕದಲ್ಲಿರೋದೂ ಇಂಥದ್ದೇ ಮಾತು ಅಂತ ಮಾತ್ರ ಅನ್ನಿಸುತ್ತಿಲ್ಲ. ಅವರ ಅನುಭವ ಅವರಿಂದಲೇ ಬರೆಸಿದರೆ ಏನಾದರೂ ಬದಲಾಗಬಹುದಾ ಅಂತ ವಿಚಾರ ಮಾಡುತ್ತಿದ್ದೇನೆ. ‘ನನ್ನ ಶಾಲೆ’, ‘ಹಸು’ ಪ್ರಬಂಧ ಬೇಡ. ಅವು ಸಾಕಾಗಿವೆ.

ಘಟಪ್ರಭಾ ದಂಡೆ

ಅಕ್ಕೋರೆ, ನಾನು ಗೋಕಾಕ ಕಡೆಯವನು. ಮೂರರಿಂದ ಐದನೇ ತರಗತಿಗೆ ಇದನ್ನು ಮಾಡಿಸುತ್ತಾ ಬಂದಿದ್ದೇನೆ. ಮೊದಲು ಒಂದೇ ಮಾತು ಹೇಳುತ್ತೇನೆ. ಬರವಣಿಗೆಯನ್ನು ಪಾಠ ಆದ ಮೇಲೆ ಇಡಬೇಡಿ, ಪಾಠಕ್ಕಿಂತ ಮುಂಚೆ ಇಡಿ.

ಪುಣ್ಯಕೋಟಿಯ ಪದ್ಯ ಓದಿಸುವ ಹಿಂದಿನ ದಿನ ನಾನು ಪುಸ್ತಕದ ಸುದ್ದಿಯನ್ನೇ ಎತ್ತುವುದಿಲ್ಲ. ‘ಯಾರಿಗರೆ ಕಾದುಕೊಂಡು ಕುಂತದ್ದು ನೆನಪೈತೇನು? ಅದನ್ನ ಬರೀರಿ’ ಅನ್ನುತ್ತೇನೆ, ಅಷ್ಟೇ. ಕಬ್ಬಿನ ಸೀಜನ್ನಿನಲ್ಲಿ ನಮ್ಮಲ್ಲಿ ಇದಕ್ಕೆ ಉತ್ತರ ಇಲ್ಲದ ಮಗುವೇ ಇರುವುದಿಲ್ಲ. ಒಬ್ಬಳು ಬರೆದ ಹಾಳಿ ನನ್ನ ಹತ್ತಿರ ಇದೆ. ಅವಳು ಬರೆದ ಹಾಗೇ ಕೊಡುತ್ತೇನೆ:

‘ಅವ್ವ ಕಬ್ಬ ಕಡ್ಯಾಕ ಹೋಗಿದ್ಲು. ಕತ್ತಲಾತು. ತಮ್ಮ ಅಳಾಕತ್ತಿದ್ದ. ನಾ ಅವಗ ಸಕ್ರಿ ಕೊಟ್ಟೆ. ಟ್ರ್ಯಾಕ್ಟರ್ ಸಪ್ಪಳ ಬಂದಾಗೊಮ್ಮೆ ಬಾಗಲಿಗೆ ಹೋಗಿ ನೋಡ್ತಿದ್ದೆ. ಅದರಾಗ ನಮ್ಮವ್ವ ಇರಲಿಲ್ಲ. ಆಮ್ಯಾಲೆ ಬಂದ್ಲು. ನಾ ಸಿಟ್ಟಾಗಿ ಮಾತಾಡಲಿಲ್ಲ.’

ಮರುದಿನ ಪದ್ಯ ಓದಿದೆವು. ಹುಲಿಗೆ ಮಾತು ಕೊಟ್ಟ ಹಸು ಕರುವಿಗೆ ಹಾಲುಣಿಸಲು ದೊಡ್ಡಿಗೆ ಬರುವ ಜಾಗ ಬಂತು. ಇದೇ ಹುಡುಗಿ ಎದ್ದು ನಿಂತು ‘ಸರ, ಕರಾ ಸಿಟ್ಟಾಗಿರಲಿಲ್ಲೇನ್ರೀ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಹಸಿವಾಗಿತ್ತು, ಸಿಟ್ಟಾಗಾಕ ಟೈಮ್ ಎಲ್ಲೈತಿ’ ಅಂದ ಒಬ್ಬ. ‘ಹಾಲು ಕುಡದ ಮ್ಯಾಲೆ ಸಿಟ್ಟಾಗಿರಬೇಕು’ ಅಂದ ಇನ್ನೊಬ್ಬ. ಕರು ಏನು ಹೇಳಿತು ಅಂತ ಪುಸ್ತಕ ತೆಗೆದು ಸಾಲು ಸಾಲಾಗಿ ಹುಡುಕಿದರು. ‘ಮತ್ತೊಮ್ಮೆ ಓದಿ’ ಅಂತ ನಾನು ಹೇಳಲೇ ಇಲ್ಲ.

ಇಂಡಿ ಟೀಚರ್

ಸರ್, ಇದೇ ನನಗೆ ಬೇಕಾಗಿದ್ದು. ಆದರೆ ‘ಕಾದದ್ದು’ ಅನ್ನೋ ವಿಷಯ ನಿಮಗೆ ಹೇಗೆ ಹೊಳೆಯಿತು? ಪ್ರತಿ ಪಾಠಕ್ಕೂ ಹೀಗೆ ಹುಡುಕೋದು ಕಷ್ಟ ಅಲ್ವಾ?

ಘಟಪ್ರಭಾ ದಂಡೆ

ಪಾಠ ಯಾವುದರ ಬಗ್ಗೆ ಇದೆ ಅಂತ ನೋಡಬೇಡಿ. ಪಾಠದಲ್ಲಿರುವವರಿಗೆ ಏನು ಸಂಕಟ ಬಂದಿದೆ ಅಂತ ನೋಡಿ. ಹಸುವಿನ ಪದ್ಯ ಅಂತ ಹಸುವಿನ ಮೇಲೆ ಬರೆಸಿದರೆ ‘ಹಸು ಸಾಧು ಪ್ರಾಣಿ, ಅದಕ್ಕೆ ನಾಲ್ಕು ಕಾಲು’ ಬರುತ್ತದೆ. ವಿಜ್ಞಾನಿಯ ಬಾಲ್ಯದ ಪಾಠ ಇದ್ದರೆ ‘ಏನನ್ನಾದರೂ ಬಿಚ್ಚಿ ಮತ್ತೆ ಜೋಡಿಸಲಾಗದೆ ಬೈಸಿಕೊಂಡದ್ದು’ ಬರೆಸಿ. ರಾಜರ ಜಗಳದ ಪಾಠ ಇದ್ದರೆ ‘ಆಟದಲ್ಲಿ ಕ್ಯಾಪ್ಟನ್ ಯಾರು ಅಂತ ಕಿತ್ತಾಡಿದ್ದು’. ಕೆಲವು ಪಾಠಕ್ಕೆ ಏನೂ ಹೊಂದುವುದಿಲ್ಲ. ಜಬರದಸ್ತಿ ಮಾಡದೆ ಬಿಟ್ಟು ಮುಂದೆ ಹೋಗಿ.

ಇನ್ನೊಂದು ಮಾತು. ವಿಷಯ ಸಣ್ಣದಿರಲಿ. ‘ಜಾತ್ರೆ’ ಅಂದರೆ ತೇರು, ಬೆಂಡು-ಬತ್ತಾಸು, ಬಳಿ ಅಂಗಡಿ ಅಂತ ಪಟ್ಟಿ ಬರುತ್ತದೆ. ‘ಜಾತ್ರೆಯಲ್ಲಿ ಅಪ್ಪನ ಕೈ ತಪ್ಪಿದಾಗ’ ಅಂದರೆ ಕಥೆ ಬರುತ್ತದೆ.

ಬಾದಾಮಿ ನಿವೃತ್ತ ಗುರು

ಎಲ್ಲ ಚೆನ್ನಾಗಿದೆ. ಆದರೆ ಆ ಹುಡುಗಿಯ ಬರಹದಲ್ಲಿ ‘ಕಡ್ಯಾಕ’, ‘ಅಳಾಕತ್ತಿದ್ದ’, ‘ಬಾಗಲಿಗೆ’ ಇವೆ. ಹಾಗೇ ಬಿಟ್ಟಿರೇನು? ನಾನು ಮುಖ್ಯಗುರುವಾಗಿ ನಿವೃತ್ತನಾದವನು. ನಮ್ಮ ಕಾಲದಲ್ಲಿ ದಿನಾ ಒಂದು ಪುಟ ಶುದ್ಧಬರಹ, ಅದರ ಜೊತೆಗೆ ಉಕ್ತಲೇಖನ. ತಪ್ಪು ಕೈಗೆ ರೂಢಿಯಾದರೆ ಹೈಸ್ಕೂಲಿಗೆ ಹೋದರೂ ಬಿಡುವುದಿಲ್ಲ. ಎಸ್‌ಎಸ್‌ಎಲ್‌ಸಿ ಪೇಪರ್ ತಿದ್ದುವವರು ‘ಅನುಭವ ಚೆನ್ನಾಗಿದೆ’ ಅಂತ ಅಂಕ ಕೊಡುವುದಿಲ್ಲ. ಮಗುವಿನ ಮೇಲೆ ಪ್ರೀತಿ ಇದ್ದವರು ತಿದ್ದಬೇಕು.

ಘಟಪ್ರಭಾ ದಂಡೆ

ಗುರುಗಳೇ, ತಿದ್ದಬಾರದು ಅಂತ ನಾನೂ ಹೇಳುವುದಿಲ್ಲ. ಆದರೆ ಇಲ್ಲಿ ಎರಡು ಬೇರೆ ಬೇರೆ ಸಂಗತಿ ಕೂಡಿಕೊಂಡಿವೆ. ‘ಅವ್ವ’ ಅನ್ನೋದನ್ನು ‘ಅವವ’ ಅಂತ ಬರೆದರೆ ತಪ್ಪು. ‘ಅಳಾಕತ್ತಿದ್ದ’ ತಪ್ಪಲ್ಲ, ನಾವೂ ನೀವೂ ಮನೆಯಲ್ಲಿ ಆಡುವ ಮಾತು.

ತಪ್ಪಿಗೆ ನಾನು ಮಾಡೋದು ಇಷ್ಟು. ಮೊದಲ ಸಲ ಬರೆದ ಹಾಳಿಯ ಮೇಲೆ ಕೆಂಪು ಪೆನ್ನು ಆಡಿಸುವುದಿಲ್ಲ. ಎಲ್ಲರ ಹಾಳಿ ಓದಿ, ಯಾವ ತಪ್ಪು ಜಾಸ್ತಿ ಇದೆ ಅಂತ ನನ್ನ ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ವಾರಕ್ಕೆ ಒಂದೇ ತಪ್ಪು ಹಿಡಿಯುತ್ತೇನೆ. ಈ ವಾರ ಒತ್ತಕ್ಷರ ಅಂದರೆ ಒತ್ತಕ್ಷರ ಮಾತ್ರ. ಮುಂದಿನ ವಾರ ‘ಲ’ ಮತ್ತು ‘ಳ’. ಉಕ್ತಲೇಖನವನ್ನೂ ಕೊಡುತ್ತೇನೆ, ಆದರೆ ಪದಗಳು ಅವರ ಹಾಳಿಯಿಂದಲೇ ಬಂದವು. ತಾನೇ ಬಳಸಿದ ಪದ ಅಂದರೆ ಮಗು ನೆಟ್ಟಗೆ ಕೂತು ಕೇಳುತ್ತದೆ.

ಮಾತಿಗೆ ಬೇರೆ ದಾರಿ. ಗೋಡೆಯ ಮೇಲೆ ಎರಡು ಸಾಲಿನ ಚಾರ್ಟು. ಒಂದು ಕಡೆ ‘ನಮ್ಮ ಮಾತು’, ಇನ್ನೊಂದು ಕಡೆ ‘ಪುಸ್ತಕದ ಮಾತು’. ಐತಿ, ಇದೆ. ಹ್ವಾದ, ಹೋದನು. ಬರಾಕತ್ತಾನ, ಬರುತ್ತಿದ್ದಾನೆ. ಇದು ಓದಿಗೂ ಬೇಕು ಗುರುಗಳೇ. ‘ಬರುತ್ತಿದ್ದಾನೆ’ ಅಂತ ಅಕ್ಷರ ಕೂಡಿಸಿ ಓದಿದ ಮಗುವಿಗೆ, ಅದು ತಾನು ದಿನಾ ಆಡುವ ‘ಬರಾಕತ್ತಾನ’ ಅನ್ನೋದು ಯಾರೂ ಹೇಳಿರುವುದಿಲ್ಲ. ಎರಡನೇ ಸಲ ಬರೆಯುವಾಗ ಮಗು ಹೇಳುವ ಕಥೆ ಪುಸ್ತಕದ ಮಾತಿಗೆ ಬರಲಿ, ಅವ್ವ ಆಡಿದ ಮಾತು ಅವ್ವ ಆಡಿದ ಹಾಗೇ ಇರಲಿ. ಕಥೆಗಾರರೂ ಹಾಗೇ ಬರೆಯುತ್ತಾರೆ ಅಲ್ವಾ?

ಬಾದಾಮಿ ನಿವೃತ್ತ ಗುರು

ವಾರಕ್ಕೆ ಒಂದೇ ತಪ್ಪು ಅನ್ನೋದು ಒಪ್ಪುವ ಮಾತು. ಕೆಂಪು ಪೆನ್ನು ಬೇಡ ಅನ್ನೋದನ್ನು ನಾನು ಒಪ್ಪುವುದಿಲ್ಲ. ಮತ್ತೆ, ಕೈಬರಹದ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

ಬೆಳಗಾವಿ ಡಿ.ಎಲ್.ಇಡಿ.

ನಾನಿನ್ನೂ ಟೀಚರ್ ಆಗಲು ಡಿ.ಎಲ್.ಇಡಿ. ಕೋರ್ಸ್ ಕಲಿಯುತ್ತಿರುವವಳು, ನಡುವೆ ಬಾಯಿ ಹಾಕಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಅಮೆರಿಕದ ಸ್ಟೀವ್ ಗ್ರಹಾಂ ಮತ್ತು ಮೈಕಲ್ ಹೆಬರ್ಟ್ ಅನ್ನುವವರು 2010ರಲ್ಲಿ ಕಾರ್ನೆಗಿ ಸಂಸ್ಥೆಗಾಗಿ ಒಂದು ವರದಿ ಬರೆದಿದ್ದಾರೆ. ಬರೆಯೋದರಿಂದ ಓದು ಸುಧಾರಿಸುತ್ತದಾ ಅಂತ ಆವರೆಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ವರದಿ. ಅವರು ಶಿಕ್ಷಕರಿಗೆ ಹೇಳೋದು ಮೂರು. ಓದಿದ್ದರ ಬಗ್ಗೆ ಬರೆಸಿ. ಕಾಗುಣಿತ, ವಾಕ್ಯ ಕಟ್ಟೋದು, ಬರಹವನ್ನು ಬೆಳೆಸೋದು, ಇವನ್ನು ಕಲಿಸಿ. ಸ್ವಂತ ಬರಹವನ್ನು ಜಾಸ್ತಿ ಬರೆಸಿ.

ಹಾಗಾಗಿ ಬಾದಾಮಿ ಗುರುಗಳ ಕಾಗುಣಿತಕ್ಕೂ ಅಲ್ಲಿ ಜಾಗ ಇದೆ, ಗೋಕಾಕ ಸರ್ ಹೇಳಿದ್ದಕ್ಕೂ ಇದೆ. ಆದರೆ ‘ಓದಿದ್ದರ ಬಗ್ಗೆ ಬರೆಸಿ’ ಅನ್ನೋದನ್ನು ಅವರು ಮೊದಲು ಇಟ್ಟಿದ್ದಾರೆ. ಅನುಭವ ಬರೆಸಿ ಅಲ್ಲಿಗೇ ಬಿಟ್ಟರೆ ಅರ್ಧ ಕೆಲಸ ಆದಂತೆ ಅಂತ ನನ್ನ ಅನಿಸಿಕೆ. ಪಾಠ ಓದಿದ ಮೇಲೆ ಮತ್ತೆ ಆ ಹಾಳಿ ತೆಗೆಸಿ ಕೆಳಗೆ ನಾಲ್ಕು ಸಾಲು ಬರೆಸಬೇಕು. ಸರ್, ಆ ಹುಡುಗಿ ಆಮೇಲೆ ಏನಾದರೂ ಬರೆದಳಾ?

ಘಟಪ್ರಭಾ ದಂಡೆ

ಬರೆದಳು. ‘ಕರಕ್ಕ ಅವ್ವ ಹೊಳ್ಳಿ ಹೋಗೂದು ಗೊತ್ತಿತ್ತು. ನನಗ ಗೊತ್ತಿರಲಿಲ್ಲ. ಅದಕ್ಕ ಅದು ಸಿಟ್ಟಾಗಲಿಲ್ಲ.’

ರಬಕವಿ ಮಗ್ಗ

ನಾನು ಮಾಸ್ತರ ಅಲ್ಲ, ಪಾಲಕ. ಮನೆಯಲ್ಲಿ ಪವರ್‌ಲೂಮ್ ಇದೆ. ಮಗಳು ಐದನೇ ತರಗತಿ. ಅವರ ಶಾಲೆಯಲ್ಲೂ ಇಂಥದ್ದು ಬರೆಸಿದ್ದರು. ‘ನಿಮ್ಮ ಮನೆಯ ಸಪ್ಪಳ’ ಅಂತ ವಿಷಯ. ನನಗೆ ಮೊದಲು ಇದು ಸರಿ ಬರಲಿಲ್ಲ. ಮನೆ ಸುದ್ದಿ ಶಾಲೆಗೆ ಯಾಕೆ? ನಾವು ಸಾಲ ಮಾಡಿದ್ದು, ಮಜೂರಿ ಜಗಳ, ಇವೆಲ್ಲ ಹಾಳಿ ಮೇಲೆ ಬಂದರೆ?

ಆಮೇಲೆ ಅವಳ ನೋಟ್‌ಬುಕ್ ತೆಗೆದು ಓದಿದೆ. ರಾತ್ರಿಪಾಳಿಯಲ್ಲಿ ಮಗ್ಗ ಓಡುತ್ತಿದ್ದರೆ ಎಲ್ಲರೂ ನಿದ್ದೆ ಮಾಡುತ್ತೇವೆ, ಕರೆಂಟ್ ಹೋಗಿ ಮಗ್ಗ ನಿಂತರೆ ಎಲ್ಲರಿಗೂ ಎಚ್ಚರ ಆಗುತ್ತದೆ ಅಂತ ಬರೆದಿದ್ದಳು. ಆಯಿ (ಅಜ್ಜಿ) ಕತ್ತಲಲ್ಲೇ ಕಂಡಿಕಿ (ನೂಲು ಸುತ್ತಿದ ಕಡ್ಡಿ) ಎಣಿಸುತ್ತಾಳೆ ಅಂತ ಬರೆದಿದ್ದಳು. ದಿನಾ ನಡೆಯೋದೇ, ನಾನು ಮಾತ್ರ ಎಂದೂ ಗಮನಿಸಿರಲಿಲ್ಲ. ಅವರವ್ವನಿಗೆ ಓದಿ ಹೇಳಿದೆ. ಪಕ್ಕದ ಮನೆಯವರಿಗೂ ಓದಿ ಹೇಳಿದೆ.

ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಮಗು ಬರೆಯಬಾರದ್ದನ್ನು ಬರೆದರೆ ನೀವು ಏನು ಮಾಡುತ್ತೀರಿ?

ಇಂಡಿ ಟೀಚರ್

ಅಣ್ಣಾರೆ, ಒಳ್ಳೆ ಪ್ರಶ್ನೆ. ನನಗೂ ಇದೇ ಭಯ.

ತಾಂಡಾ ಟೀಚರ್

ಇದಕ್ಕೆ ನಾನು ಹೇಳುತ್ತೇನೆ. ವಿಜಯಪುರ ಜಿಲ್ಲೆಯ ಲಂಬಾಣಿ ತಾಂಡಾದಲ್ಲಿ ನಲಿ-ಕಲಿ ತರಗತಿ ನನ್ನದು, ಅಂದರೆ ಸಣ್ಣ ಮಕ್ಕಳು ಕಾರ್ಡು, ಚಟುವಟಿಕೆಗಳಿಂದ ಕಲಿಯುವ ತರಗತಿ. ಈ ಹಿಂದೆ ಹಿರಿಯ ತರಗತಿಗಳನ್ನೂ ತೆಗೆದುಕೊಂಡಿದ್ದೇನೆ.

ನಮ್ಮಲ್ಲಿ ಮಡಚಿದ ಹಾಳಿ ಅಂತ ಒಂದು ನಿಯಮ ಇದೆ. ಹಾಳಿ ಬಿಚ್ಚಿ ಕೊಟ್ಟರೆ ಅದನ್ನು ತರಗತಿಯಲ್ಲಿ ಓದಬಹುದು, ಗೋಡೆಗೆ ಹಚ್ಚಬಹುದು. ಮಡಚಿ ಕೊಟ್ಟರೆ ನಾನೊಬ್ಬಳೇ ಓದಿ ವಾಪಸ್ ಕೊಡುತ್ತೇನೆ. ಯಾವುದು ಅಂತ ಮಗುವೇ ಹೇಳಬೇಕು, ನಾನಲ್ಲ. ಪಾಲಕರ ಸಭೆಯಲ್ಲೂ ಇದನ್ನು ಹೇಳಿಬಿಡುತ್ತೇನೆ. ರಬಕವಿ ಅಣ್ಣನವರ ಹಾಗೆ ಕೇಳಿದವರು ನಮ್ಮಲ್ಲೂ ಇದ್ದರು.

ಕುಡಿತ, ಜಗಳ, ಸಾಲ ಬಂದೇ ಬರುತ್ತವೆ. ಆಗ ಬರಹದ ಮೇಲೆ ಟೀಕೆ ಮಾಡೋದಿಲ್ಲ, ‘ಛೇ ಪಾಪ’ ಅಂತ ಇಡೀ ಶಾಲೆಗೆ ಸಾರೋದೂ ಇಲ್ಲ. ಪಕ್ಕಕ್ಕೆ ಕೂರಿಸಿಕೊಂಡು ಮಾತಾಡುತ್ತೇನೆ. ಆದರೆ ಒಂದು ಗೆರೆ ಇದೆ. ಮಗುವಿಗೆ ಹೊಡೆತ, ಅಪಾಯ ಅಂತ ಕಂಡರೆ ಅದು ನಮ್ಮಿಬ್ಬರ ಗುಟ್ಟಾಗಿ ಉಳಿಯುವುದಿಲ್ಲ ಅಂತ ವರ್ಷದ ಮೊದಲೇ ಮಕ್ಕಳಿಗೆ ಹೇಳಿರುತ್ತೇನೆ. ಮಕ್ಕಳ ಸಹಾಯವಾಣಿ 1098 ಇದೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರಂತೂ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ದೂರು ಕೊಡಲೇಬೇಕು. ಗೊತ್ತಿದ್ದೂ ಸುಮ್ನೆ ಕೂತರೆ ಅದೇ ಅಪರಾಧ. ‘ಮನೆ ಮರ್ಯಾದೆ’ ಅಂತ ಯಾರೇ ಹೇಳಲಿ, ಆಗ ಹೆಡ್‌ಮಾಸ್ಟರ್ ಹತ್ತಿರ ಹೋಗಲೇಬೇಕು.

ಹಾಗಂತ ಮಕ್ಕಳಿಂದ ದುಃಖವನ್ನೇ ಕೆದಕಿ ಬರೆಸುವವರನ್ನೂ ನೋಡಿದ್ದೇನೆ. ಕಣ್ಣೀರು ತರಿಸಿದರೆ ಒಳ್ಳೆ ಬರಹ ಅಂತ ಅವರ ಲೆಕ್ಕ. ಅದು ನನಗೆ ಹಿಡಿಸುವುದಿಲ್ಲ. ಶುರುವಿಗೆ ನಾನು ಕೊಡೋದು ‘ಮೈಮೇಲಿನ ಕಲೆ’. ಮೊಳಕಾಲು, ಮೊಳಕೈ, ಹಣೆ, ಎಲ್ಲೋ ಒಂದು ಕಡೆ ಎಲ್ಲರಿಗೂ ಬಿದ್ದ ಗುರುತು ಇರುತ್ತದೆ. ಹೇಗಾಯ್ತು, ಯಾರು ಅರಿಷಿಣ ಹಚ್ಚಿದರು, ಯಾರು ಬೈದರು. ನಗುನಗುತ್ತಾ ಬರೆಯುತ್ತಾರೆ. ಹೇಳಲು ಇಷ್ಟ ಇಲ್ಲದವರು ಸಣ್ಣ ಕಲೆ ತೋರಿಸಿ ಪಾರಾಗಬಹುದು.

ಖಾನಾಪುರ ಗಡಿ

ಕಲೆಯ ವಿಷಯ ನಾನೂ ಎತ್ತಿಕೊಂಡೆ ಮೇಡಂ! ನನ್ನ ತರಗತಿಯಲ್ಲಿ ಅರ್ಧ ಮಕ್ಕಳ ಮನೆ ಮಾತು ಮರಾಠಿ, ಕೆಲವರದು ಕೊಂಕಣಿ. ಶಾಲೆ ಕನ್ನಡ ಮಾಧ್ಯಮ. ಅವರಿಗೆ ‘ನಮ್ಮ ಮಾತು, ಪುಸ್ತಕದ ಮಾತು’ ಚಾರ್ಟಿಗೆ ಮೂರನೇ ಸಾಲು ಬೇಕು. ನಾನು ಮೊದಲು ಬಾಯಲ್ಲಿ ಹೇಳಿಸುತ್ತೇನೆ, ಯಾವ ಭಾಷೆಯಾದರೂ ಸರಿ. ಪಕ್ಕದಲ್ಲಿ ಕೂತ ಗೆಳೆಯ ಕನ್ನಡಕ್ಕೆ ತರುತ್ತಾನೆ. ಆಮೇಲೆ ಬರವಣಿಗೆ. ಗೊತ್ತಿಲ್ಲದ ಪದ ಇದ್ದರೆ ಮನೆಯ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆಯಲಿ. ಗಡಿ ಅಂದರೆ ಪೇಪರ್‌ನಲ್ಲಿ ಬರೀ ಜಗಳದ ಸುದ್ದಿ, ನಮ್ಮ ಬೆಂಚಿನ ಮೇಲೆ ಎರಡೂ ಭಾಷೆ ಕೂಡಿ ಒಂದು ಪುಟ ಮುಗಿಸುತ್ತವೆ.

ತಾಂಡಾ ಟೀಚರ್

ಹೌದು, ನಮ್ಮಲ್ಲಿ ಅದು ಇನ್ನೂ ಜಾಸ್ತಿ. ಗೋರಮಾಟಿ (ಲಂಬಾಣಿ ಮಾತು) ಆಡುವ ಮಗುವಿಗೆ ‘ತಾಯಿ’ ಅಂತ ಬರೆಸಿದರೆ ಬರೆಯುತ್ತದೆ, ಮುಖದಲ್ಲಿ ಏನೂ ಕಾಣುವುದಿಲ್ಲ. ‘ಯಾಡಿ’ ಅಂತ ಬೋರ್ಡ್ ಮೇಲೆ ಬರೆದ ದಿನ ಇಡೀ ತರಗತಿ ಬೋರ್ಡ್ ಹತ್ತಿರ ಬಂತು.

ಒಂದು ಎರಡನೇ ತರಗತಿಗೆ ಬರೆಯಲು ಬರುವುದಿಲ್ಲ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಅವರು ಹೇಳಲಿ, ನಾವು ಬರೆಯೋಣ. ಮಗು ಹೇಳಿದ ಒಂದು ವಾಕ್ಯವನ್ನು ಹಾಗೇ ದೊಡ್ಡ ಅಕ್ಷರದಲ್ಲಿ ಬರೆದು, ಮೇಲೆ ಅದು ಚಿತ್ರ ಬಿಡಿಸಲು ಜಾಗ ಬಿಡುತ್ತೇನೆ. ಅದೇ ಅದರ ಓದುವ ಕಾರ್ಡು. ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದಾಗಿನಿಂದ ಕಾರ್ಡುಗಳೇ ಅದರ ಜೀವ. ಅವುಗಳ ಜೊತೆಗೆ ಮಗುವಿನದೇ ಒಂದು ಕಾರ್ಡು ಸೇರಿದರೆ ಯಾರಿಗೂ ತೊಂದರೆ ಇಲ್ಲ. ನ್ಯೂಜಿಲೆಂಡಿನಲ್ಲಿ ಸಿಲ್ವಿಯಾ ಆ್ಯಷ್ಟನ್ ವಾರ್ನರ್ ಅನ್ನೋ ಟೀಚರ್ ಅಲ್ಲಿನ ಮೂಲನಿವಾಸಿ ಮಾವೊರಿ ಮಕ್ಕಳಿಗೆ ಹೀಗೇ ಕಲಿಸುತ್ತಿದ್ದರು. ಮಗು ಕೇಳಿದ ಪದವನ್ನು ಕಾರ್ಡಿನ ಮೇಲೆ ಬರೆದುಕೊಡೋದು, ಅದರಿಂದಲೇ ಓದು ಶುರು. 1963ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಆ ಮಕ್ಕಳಿಗೂ ಶಾಲೆಯಲ್ಲಿ ಸಿಕ್ಕಿದ್ದ ಪುಸ್ತಕ ಬೇರೆಯವರ ಮನೆಯ ಕಥೆಯೇ.

ಗುಳೆ ಹೋದ ಮಕ್ಕಳ ಬಗ್ಗೆಯೂ ಹೇಳಬೇಕು. ದಸರಾ ಮುಗಿದ ಮೇಲೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಮನೆಗಳಿವೆ. ಮಕ್ಕಳು ವಾಪಸ್ ಬರುವ ಹೊತ್ತಿಗೆ ಪುಸ್ತಕ ಎಷ್ಟೋ ಮುಂದೆ ಹೋಗಿರುತ್ತದೆ. ಅವರನ್ನು ಹಿಂದೆ ಕೂರಿಸಿ ಕಾಗುಣಿತ ಬರೆಸೋದೇ ರೂಢಿ. ಆದರೆ ಹೇಳಲು ಅವರ ಹತ್ತಿರ ಇರುವಷ್ಟು ಸುದ್ದಿ ಬೇರೆ ಯಾರ ಹತ್ತಿರವೂ ಇರುವುದಿಲ್ಲ. ಒಬ್ಬ ಹುಡುಗ ಕಬ್ಬಿನ ಗಾಡಿಯ ಮೇಲೆ ಮಲಗಿ ಬಂದ ರಾತ್ರಿಯನ್ನು ಹೇಳಿದ, ನಾನು ಬರೆದುಕೊಂಡೆ. ಮರುದಿನ ಅದೇ ಎಲ್ಲರ ಓದುವ ಪಾಠ. ತನ್ನ ಪಾಠವನ್ನು ಬೇರೆಯವರು ತಡವರಿಸಿ ಓದೋದನ್ನು ನೋಡಿ ಅವನೇ ಪಕ್ಕದಲ್ಲಿ ನಿಂತು ಪದ ಹೇಳಿಕೊಡುತ್ತಿದ್ದ. ಅವನಿಗೆ ಅರ್ಧ ಅಕ್ಷರ ಬರುತ್ತಿರಲಿಲ್ಲ, ಏನಿದೆ ಅಂತ ಪೂರ್ತಿ ಗೊತ್ತಿತ್ತು. ಅದನ್ನೇ ಹಿಡಿದುಕೊಂಡು ಅಕ್ಷರ ಗುರುತು ಹಿಡಿದ.

ಬೆಳಗಾವಿ ಡಿ.ಎಲ್.ಇಡಿ.

ಮೇಡಂ, ನನಗೆ ಪ್ರಾಕ್ಟೀಸ್ ಟೀಚಿಂಗ್‌ನಲ್ಲಿ ಒಂದು ತೊಂದರೆ ಆಯ್ತು. ‘ಈ ಕಥೆ ಓದಿ ನಿಮಗೆ ಏನು ನೆನಪಾಯ್ತು’ ಅಂದರೆ ಎಲ್ಲರೂ ‘ನಮ್ಮ ಮನಿಯಾಗೂ ನಾಯಿ ಐತಿ’ ಅಂತ ಬರೆದರು. ಸಂಬಂಧ ಬಂತು, ಆದರೆ ಅದರಿಂದ ಕಥೆ ಏನೂ ತಿಳಿಯಲಿಲ್ಲ.

ಘಟಪ್ರಭಾ ದಂಡೆ

ಅಲ್ಲಿಗೆ ನಿಲ್ಲಿಸಬೇಡ ತಂಗಿ. ಮುಂದಿನ ಪ್ರಶ್ನೆ ಕೇಳು: ‘ಎಲ್ಲಿ ಬ್ಯಾರೆ ಐತಿ?’ ಒಂದು ಸಲ ಹೀಗಾಯ್ತು. ಹುಡುಗನೊಬ್ಬ ಬರೆದಿದ್ದ:

‘ನಮ್ಮ ಆಡು ಎರಡ ಮರಿ ಹಾಕೇತಿ. ಒಂದು ಕರೀದು, ಒಂದು ಬೂದು. ಕರೀದು ನಂದು. ಸಂತಿಗೆ ಒಯ್ತೀನಿ ಅಂತ ಅಪ್ಪ ಅಂದ. ನಾ ಅತ್ತೆ. ಅಪ್ಪ ಬೂದು ಮರಿ ಒಯ್ದ.’

ಆಮೇಲೆ ಸಾಕಿದ ಪ್ರಾಣಿಯನ್ನು ಮಾರುವ ಒಂದು ಕಥೆ ಓದಿದೆವು. ಅದರಲ್ಲಿನ ಹುಡುಗ ಅಳುವುದಿಲ್ಲ, ಸುಮ್ನೆ ಹಗ್ಗ ಅಪ್ಪನ ಕೈಗೆ ಕೊಡುತ್ತಾನೆ. ‘ಇಂವ ಯಾಕ ಅಳಲಿಲ್ಲ?’ ಅಂತ ನಮ್ಮ ಹುಡುಗನಿಗೆ ತಡೆಯಲಾಗಲಿಲ್ಲ. ‘ನಿಮ್ಮಪ್ಪನ ಹತ್ತಿರ ಇನ್ನೊಂದು ಮರಿ ಇತ್ತು. ಇವರ ಹತ್ತಿರ?’ ಅಂದೆ. ಆಗ ಹಿಂದಿನ ಪುಟಕ್ಕೆ ಹೋದ. ಮಳೆ ಇಲ್ಲ, ಮನೆಯಲ್ಲಿ ಜೋಳ ಇಲ್ಲ ಅಂತ ಎರಡು ಸಾಲು ಇದ್ದವು. ಮೊದಲ ಓದಿನಲ್ಲಿ ಅವು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಬೆಳಗಾವಿ ಡಿ.ಎಲ್.ಇಡಿ.

ರುಡೀನ್ ಸಿಮ್ಸ್ ಬಿಷಪ್ ಅನ್ನೋ ಪ್ರೊಫೆಸರ್ 1990ರಲ್ಲಿ ಬರೆದದ್ದು ಈಗ ಸರಿಯಾಗಿ ತಿಳಿಯಿತು. ಪುಸ್ತಕ ಮಗುವಿಗೆ ತನ್ನ ಬದುಕು ಕಾಣುವ ಕನ್ನಡಿಯೂ ಆಗಬೇಕು, ಬೇರೆಯವರ ಬದುಕು ಕಾಣುವ ಕಿಟಕಿಯೂ ಆಗಬೇಕು ಅಂತ ಅವರು ಹೇಳುತ್ತಾರೆ. ನಾನು ಕನ್ನಡಿಗೇ ನಿಲ್ಲಿಸಿಬಿಡುತ್ತಿದ್ದೆ. ‘ಎಲ್ಲಿ ಬ್ಯಾರೆ ಐತಿ’ ಅಂತ ನನ್ನ ಪಾಠಯೋಜನೆಯಲ್ಲಿ ಬರೆದುಕೊಂಡೆ ಸರ್.

ಮುಧೋಳ ಸಿಆರ್‌ಪಿ

ಎಲ್ಲ ಓದಿದೆ. ಒಳ್ಳೆಯ ಚರ್ಚೆ. ಆದರೆ ಟೈಮ್ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಪಠ್ಯ ಮುಗಿಸಬೇಕು, ದಾಖಲೆ ಬರೆಯಬೇಕು, ಆ್ಯಪ್‌ನಲ್ಲಿ ಹಾಜರಿ, ಮೊಟ್ಟೆ-ಹಾಲಿನ ಲೆಕ್ಕ. ನಾನು ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳಿಗೆ ಭೇಟಿ ಕೊಟ್ಟು ಶಿಕ್ಷಕರಿಗೆ ನೆರವಾಗುವವನು. ಶಾಲೆಗಳಿಗೆ ಹೋದಾಗ ಮೊದಲು ಕೇಳಿಬರುವುದೇ ಇದು.

ಘಟಪ್ರಭಾ ದಂಡೆ

ಪಾಠದ ಪೀಠಿಕೆಗೆ ಅಂತ ಹೇಗೂ ಟೈಮ್ ಇರುತ್ತದಲ್ಲ ಸರ್, ಅದೇ ಇದು. ಆಮೇಲೆ ಪಾಠ ತಿಳಿಸಿ ಹೇಳುವ ಟೈಮ್ ಉಳಿಯುತ್ತದೆ. ದಾಖಲೆ ಬೇಕಾದರೆ ಎಫ್‌ಎ (ವರ್ಷದ ನಡುವೆ ಮಾಡುವ ಮೌಲ್ಯಮಾಪನ) ಚಟುವಟಿಕೆ ಅಂತ ಅದೇ ಹಾಳಿ ಇಡಬಹುದು. ಥರ್ಮಾಕೋಲ್ ಮನೆ ಮಾಡಿಸಿ ಪಾಲಕರಿಂದ ದುಡ್ಡು ಖರ್ಚು ಮಾಡಿಸೋದಕ್ಕಿಂತ ಇದು ವಾಸಿ ಅಲ್ವಾ?

ಮುಧೋಳ ಸಿಆರ್‌ಪಿ

ಥರ್ಮಾಕೋಲ್ ಮಾತು ನಿಜ. ಮುಂದಿನ ಸಮಾಲೋಚನಾ ಸಭೆಯಲ್ಲಿ ಪ್ರಸ್ತಾಪ ಮಾಡುತ್ತೇನೆ. ಬರುವ ಹಾಳಿ ಮಾತ್ರ ಮಗುವಿನದ್ದೇ ಆಗಿರಬೇಕು, ಟೀಚರ್ ಬರೆದುಕೊಟ್ಟದ್ದು ಆಗಬಾರದು. ಅದನ್ನು ನಾವು ಒಂದೇ ಸಾಲಿನಲ್ಲಿ ಗುರುತು ಹಿಡಿಯುತ್ತೇವೆ.

ಚಡಚಣ ಅರಿವು ಕೇಂದ್ರ

ನಾನು ಗ್ರಾಮ ಪಂಚಾಯತಿ ಗ್ರಂಥಾಲಯ ನೋಡಿಕೊಳ್ಳುವವಳು. ಶಿಕ್ಷಕರೆಲ್ಲ ನಮ್ಮನ್ನು ಮರೆತೇಬಿಟ್ಟಿದ್ದೀರಿ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದಾಗಿನಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಹೆಸರು ಬರೆಸಿದವರು ತುಂಬಾ ಜನ, ಪುಸ್ತಕ ಒಯ್ಯುವವರು ಕಡಿಮೆ. ಮಕ್ಕಳು ಬರೆದದ್ದನ್ನು ಹೊಲಿದು ಒಂದು ಪುಸ್ತಕ ಮಾಡಿ ಕೊಡಿ, ನಾನು ಅದಕ್ಕೆ ನಂಬರ್ ಹಾಕಿ ರ‍್ಯಾಕಿನಲ್ಲಿ ಇಡುತ್ತೇನೆ. ಅದನ್ನು ನೋಡಲು ಬಂದವರು ಪಕ್ಕದ ಪುಸ್ತಕವನ್ನೂ ಕೈಗೆ ತೆಗೆದುಕೊಳ್ಳುತ್ತಾರೆ. ಪುಸ್ತಕ ಕಡಿಮೆ ಇರುವ ಶಾಲೆಗಳಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ಇದೆ. ಕನ್ನಡದ ಕಥೆಗಳು ಹಂತದ ಪ್ರಕಾರ ಪುಕ್ಕಟೆ ಸಿಗುತ್ತವೆ, ಪ್ರಿಂಟ್ ತೆಗೆದುಕೊಳ್ಳಬಹುದು.

ಇನ್ನೊಂದು. ಹಲಸಂಗಿ ನಮ್ಮ ಪಕ್ಕದ್ದೇ ಊರು. ಹಲಸಂಗಿ ಗೆಳೆಯರು ಅನ್ನೋ ಬರಹಗಾರರ ಗುಂಪಿನವರು, ಅಂದರೆ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಜೊತೆಗಾರರು, ಹೆಣ್ಣುಮಕ್ಕಳು ಬೀಸುವಾಗ ಹಾಡುವ ಪದಗಳನ್ನು ಕೇಳಿ ಬರೆದುಕೊಂಡದ್ದು ಇದೇ ನೆಲದಲ್ಲಿ. ಮಕ್ಕಳಿಗೆ ‘ನಿಮ್ಮ ಆಯಿ ಹತ್ತಿರ ಒಂದು ಪದ ಕೇಳಿ ಬರ್ಕೊಂಡು ಬರ್ರಿ’ ಅನ್ನಿ. ಓದಲು ಬಾರದ ಆಯಿಯೂ ಆ ಪದ ಬರೆದದ್ದು ಸರಿ ಇದೆಯಾ ಅಂತ ಓದಿಸಿ ಕೇಳುತ್ತಾಳೆ. ಮಗು ತಪ್ಪು ಓದಿದರೆ ಅಲ್ಲೇ ತಡೆಯುತ್ತಾಳೆ. ಅದಕ್ಕಿಂತ ಒಳ್ಳೆ ಉಕ್ತಲೇಖನ ಎಲ್ಲಿದೆ ಬಾದಾಮಿ ಗುರುಗಳೇ?

ಬಾದಾಮಿ ನಿವೃತ್ತ ಗುರು

ಇದನ್ನು ನಾನು ಪೂರ್ತಿ ಒಪ್ಪುತ್ತೇನೆ ತಾಯಿ. ಪುಸ್ತಕ ಹೊಲಿಯುವ ಮುಂಚೆ ಅಂದವಾಗಿ ಇನ್ನೊಮ್ಮೆ ಬರೆಸಿ. ಊರವರು ಓದುವ ಪುಸ್ತಕ ಅಂದ ಮೇಲೆ ಅಕ್ಷರ ದುಂಡಗೆ ಇರಬೇಕೋ ಬೇಡವೋ? ಕೆಂಪು ಪೆನ್ನಿನ ಅಗತ್ಯ ಬೀಳಲಿಕ್ಕಿಲ್ಲ.

ರಬಕವಿ ಮಗ್ಗ

ಗುರುಗಳು ಕೊನೆಗೂ ಪೆನ್ನು ಜೇಬಿಗೆ ಇಟ್ಟರು 😄

ಇಂಡಿ ಟೀಚರ್

ಎಲ್ಲರಿಗೂ ಧನ್ಯವಾದ. ಈ ಸೋಮವಾರ ‘ಮೈಮೇಲಿನ ಕಲೆ’ಯಿಂದ ಶುರು ಮಾಡುತ್ತೇನೆ, ಮಡಚಿದ ಹಾಳಿಯ ನಿಯಮ ಮೊದಲ ದಿನವೇ ಹೇಳುತ್ತೇನೆ. ಒಂದು ಸಂಶಯ ಉಳಿದಿದೆ. ಏನೇ ಮಾಡಿದರೂ ಒಂದಕ್ಷರ ಬರೆಯದ ಹುಡುಗನೊಬ್ಬ ಇದ್ದಾನೆ. ‘ನನಗ ಏನೂ ಆಗೇ ಇಲ್ಲರೀ’ ಅನ್ನುತ್ತಾನೆ. ಅವನಿಗೆ ಏನು ಕೊಡಲಿ?

ತಾಂಡಾ ಟೀಚರ್

ನೀವು ಮೊದಲು ನಿಮ್ಮ ಕಲೆಯ ಕಥೆ ಬೋರ್ಡ್ ಮೇಲೆ ಬರೆಯಿರಿ, ಅವರ ಕಣ್ಣೆದುರೇ. ಹೊಡೆದು ಹಾಕಿ, ತಿದ್ದಿ, ನಿಧಾನಕ್ಕೆ ಬರೆಯಿರಿ. ಟೀಚರ್ ಕೂಡ ಬಿದ್ದಿದ್ದರು ಅಂತ ಗೊತ್ತಾದರೆ ಅರ್ಧ ಕೆಲಸ ಆಯ್ತು. ಆಮೇಲೂ ಬರೆಯದಿದ್ದರೆ ಚಿತ್ರ ಬಿಡಿಸಲಿ, ಅದರ ಕೆಳಗೆ ಅವನು ಹೇಳಿದ ಒಂದು ಸಾಲು ನೀವು ಬರೆಯಿರಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ್ದು, ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದದ್ದು, ಹೀಗೆ ಕೈಯಿಂದ ಮಾಡಿದ ಕೆಲಸ ಕೇಳಿ. ‘ಏನಾಯ್ತು’ ಅಂದರೆ ಬಾಯಿ ಬಿಡದವರು ‘ಹ್ಯಾಂಗ ಮಾಡಿದಿ’ ಅಂದರೆ ಬಿಡುತ್ತಾರೆ.

ಘಟಪ್ರಭಾ ದಂಡೆ

ಅಕ್ಕೋರೆ, ನಿಮ್ಮ ಮಕ್ಕಳೂ ನಮ್ಮ ಮಕ್ಕಳೂ ಒಬ್ಬರಿಗೊಬ್ಬರು ಬರೆದರೆ ಹೇಗೆ? ಫ್ರಾನ್ಸಿನಲ್ಲಿ ಸೆಲೆಸ್ಟಿನ್ ಫ್ರೆನೆ ಅನ್ನೋ ಮಾಸ್ತರರು 1920ರ ದಶಕದಲ್ಲೇ ಹಳ್ಳಿ ಶಾಲೆಯಲ್ಲಿ ಒಂದು ಸಣ್ಣ ಮುದ್ರಣ ಯಂತ್ರ ಇಟ್ಟು, ಮಕ್ಕಳು ಬರೆದದ್ದನ್ನು ಮಕ್ಕಳಿಂದಲೇ ಅಚ್ಚು ಹಾಕಿಸಿ, ಬೇರೆ ಊರಿನ ಶಾಲೆಗೆ ಕಳಿಸುತ್ತಿದ್ದರು. ನಮಗೆ ಯಂತ್ರ ಬೇಡ. ಪೋಸ್ಟ್‌ಕಾರ್ಡ್ 50 ಪೈಸೆ. ಬಂದ ಕಾರ್ಡನ್ನು ಓದಬೇಕು ಅಂತ ಯಾರಿಗೂ ಹೇಳಬೇಕಾಗಿಲ್ಲ.

ರಬಕವಿ ಮಗ್ಗ

ಪೋಸ್ಟ್‌ಕಾರ್ಡ್ ದಾರಿಯಲ್ಲಿ ಎಲ್ಲರೂ ಓದುತ್ತಾರೆ ಸರ್. ಮಡಚಿದ ಹಾಳಿ ನಿಯಮ ಅಲ್ಲೇ ಮುರಿದುಹೋಗುತ್ತದೆ.

ತಾಂಡಾ ಟೀಚರ್

ಅಣ್ಣನವರು ಸರಿಯಾಗಿ ಹಿಡಿದರು. ಎಲ್ಲ ಪತ್ರ ಒಂದೇ ದೊಡ್ಡ ಲಕೋಟೆಯಲ್ಲಿ ಹಾಕಿ ಶಾಲೆಯ ವಿಳಾಸಕ್ಕೆ ಕಳಿಸಿ. ಮಕ್ಕಳ ಮನೆ ವಿಳಾಸ ಬೇಡವೇ ಬೇಡ.

ಇಂಡಿ ಟೀಚರ್

ಲಕೋಟೆಯೇ ಸರಿ. ಸರ್, ನಿಮ್ಮ ಶಾಲೆಯ ಪಿನ್‌ಕೋಡ್ ನನಗೆ ಮೆಸೇಜ್ ಮಾಡಿ. ನಮ್ಮವರು ಮೊದಲು ಕಲೆಯ ಕಥೆ ಕಳಿಸುತ್ತಾರೆ. ನಿಮ್ಮವರು ಉತ್ತರ ಬರೆಯುವಾಗ ‘ಎಲ್ಲಿ ಬ್ಯಾರೆ ಐತಿ’ ಅಂತ ಕೇಳಲಿ.